ಷೇರುಪೇಟೆಯ ಮಾತುಗಳು ಮತ್ತು 1865ರ ಮುಂಬಯಿ



ನಾನು ಬಿ.ಎ. ತರಗತಿಯಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮ ಸೋದರತ್ತೆಯವರು ಒಂದು ದಿನ ಎರಡು ಕಾಗದಗಳನ್ನು ತಂದು ನನ್ನ ಮುಂದೆ ಇಟ್ಟರು. ಅವರ ಯಜಮಾನರು ತೀರಿಕೊಂಡು ಆಗ್ಗೆ ಒಂದು ವರ್ಷ ಕಳೆದಿತ್ತು. ಮೊದಲನೆಯ ಕಾಗದ ಒಂದು ಕಂಪೆನಿಯ ಹತ್ತು ಷೇರುಗಳ ಪತ್ರ. ಪೆಟ್ಟಿಗೆಯ ತಳದಲ್ಲಿ ಮಡಿಯ ಮಗುಟದ ಕೆಳಗೆ ದೊರೆತದ್ದು. ಎರಡನೆಯದು ಆ ಕಂಪೆನಿಯಿಂದ ಅಂದಿನ ಅಂಚೆಯಲ್ಲಿ ಬಂದುದು. ಷೇರೊಂದಕ್ಕೆ ಬಾಕಿಯಿರುವ ಐವತ್ತು ರೂಪಾಯಿಗಳನ್ನು ಇಂಥ ತಾರೀಖಿನೊಳಗಾಗಿ ಸಲ್ಲಿಸತಕ್ಕದ್ದೆಂದೂ, ತಪ್ಪಿದಲ್ಲಿ ಷೇರುಗಳು ಮುಟ್ಟುಗೋಲಾಗುವುವೆಂದೂ ಅದರಲ್ಲಿ ಬರೆದಿತ್ತು. "ಅಲ್ಲವೋ, ನಿಮ್ಮ ಮಾವನವರು ಅವರ ಹತ್ತಿರ ದುಡ್ಡು ಹಾಕಿದ್ದಾರೆ. ಅವರು ನಮಗೆ ಕೊಡಬೇಕಾದ್ದು ಸರಿ. ನಾವೇ ಅವರಿಗೆ ಕೊಡುವುದೆಂದರೆ ಯಾವ ನ್ಯಾಯ?" ಎಂದು ಅತ್ತೆಯವರು ಕೇಳಿದರು. ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರವನ್ನು ಓದಿ ಪರೀಕ್ಷೆಗೆ ಸಿದ್ಧನಾಗಿದ್ದ ನಾನು ಆ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಲಾರದೆ ಹೋದೆನು. ಇಂಗ್ಲಿಷಿನಲ್ಲಿಯಾದರೂ ಹೇಳಬಲ್ಲವನಾಗಿದ್ದೆನೆ ಎಂಬುದು ಬೇರೆಯ ಮಾತು.

ಈ ನಾಚಿಕೆಯೇ ಮುಂದೆ ನನ್ನನ್ನು ಮುಂಬಯಿಯ ಚರಿತ್ರೆಯ ಕಡೆಗೆ ಎಳೆಯಿತು. ಷೇರು, ಮುಖಬೆಲೆ, ಕರೆ, ಲಾಭಾಂಶ, ತೇಜಿ, ಮಂದಿ, ವಾಯಿದೆ ಎಂಬ ಮಾತುಗಳನ್ನು ನಾವು ಪತ್ರಿಕೆಗಳ ವ್ಯಾಪಾರದ ಪುಟದಲ್ಲಿ ಕಾಣುತ್ತೇವೆ. ಕಂಡು ಪುಟವನ್ನು ಮಗುಚುತ್ತೇವೆ. ಈ ಮಾತುಗಳ ಅರ್ಥವನ್ನು ನಮ್ಮ ದೇಶದ ಜನ ಮೊದಲು ಕಲಿತುದು ಪುಸ್ತಕದಿಂದಲ್ಲ. 1861ರಿಂದ 1865ರ ವರೆಗಿನ ನಾಲ್ಕು ವರ್ಷಗಳಲ್ಲಿ ಮುಂಬಯಿ ನಗರ ಒಂದೊಂದು ಮಾತಿಗೂ ಒಂದೊಂದು ಶುಲ್ಕ ತೆತ್ತು ಅವುಗಳನ್ನು ಕಲಿಯಿತು. ಆ ಕಥೆಯನ್ನು ಹೇಳುತ್ತ ಹೋದರೆ ಮಾತುಗಳ ಅರ್ಥ ತಾನಾಗಿಯೇ ಬಿಡಿಸಿಕೊಳ್ಳುವುದೆಂದು ನನ್ನ ನಂಬಿಕೆ.

ಮೊದಲು ಷೇರು. ಒಂದು ನೂಲಿನ ಗಿರಣಿಯನ್ನು ಕಟ್ಟಬೇಕಾದರೆ ಲಕ್ಷಗಟ್ಟಲೆ ಹಣ ಬೇಕು. ಒಬ್ಬನ ಕೈಯಲ್ಲಿ ಅಷ್ಟು ಇರುವುದು ವಿರಳ, ಇದ್ದರೂ ಅದೆಲ್ಲವನ್ನೂ ಒಂದೇ ಕಡೆ ತೊಡಗಿಸುವ ಧೈರ್ಯ ಇನ್ನೂ ವಿರಳ. 1854ರಲ್ಲಿ ಕಾವಸ್ಜಿ ದಾವರ್ ಎಂಬ ಪಾರ್ಸಿ ಗೃಹಸ್ಥರು ಮುಂಬಯಿಯ ಮೊದಲ ಹತ್ತಿಯ ಗಿರಣಿಗೆ ತೊಡಗಿದಾಗ ನಗರದ ಹಲವು ವರ್ತಕರನ್ನು ಕೂಡಿಕೊಂಡೇ ತೊಡಗಿದರು. ಬೇಕಾದ ಬಂಡವಾಳವನ್ನು ಸಮನಾದ ಪಾಲುಗಳಾಗಿ ಒಡೆದು, ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಪಾಲುಗಳನ್ನು ಒಬ್ಬೊಬ್ಬರು ಹಿಡಿಯುವುದು ಇದರ ಕ್ರಮ. ಆ ಪಾಲೇ ಷೇರು. ಷೇರನ್ನು ಹಿಡಿದವನು ಸಾಲ ಕೊಟ್ಟವನಲ್ಲ, ಒಡೆಯನು. ಎಷ್ಟೇ ಚಿಕ್ಕ ಒಡೆಯನಾದರೂ ಒಡೆಯನೇ. ಸಾಲ ಕೊಟ್ಟವನಿಗೆ ಗೊತ್ತಾದ ಬಡ್ಡಿಯುಂಟು, ಗೊತ್ತಾದ ದಿನ ಅಸಲುಂಟು. ಅವನ ಕೈಯ ಕಾಗದಕ್ಕೆ ಸಾಲಪತ್ರವೆಂದು ಹೆಸರು. ಒಡೆಯನಿಗೆ ಗೊತ್ತಾದುದು ಒಂದೂ ಇಲ್ಲ. ಎಲ್ಲರಿಗೂ ಕೊಡಬೇಕಾದುದನ್ನು ಕೊಟ್ಟು ಉಳಿದರೆ ಆ ಉಳಿದುದರಲ್ಲಿ ಅವನಿಗೆ ಪಾಲು. ಅದೇ ಲಾಭಾಂಶ. ಉಳಿಯದಿದ್ದರೆ ಕೇಳುವ ಹಕ್ಕಿಲ್ಲ.

ಇದರ ಜೊತೆಗೆ ಇನ್ನೊಂದು ಮಾತು ಸೇರದಿದ್ದರೆ ಮುಂಬಯಿಯ ಕಥೆ ನಡೆಯುತ್ತಲೇ ಇರಲಿಲ್ಲ. ಹಿಂದೆ ನಾಲ್ವರು ಕೂಡಿ ವ್ಯಾಪಾರ ಮಾಡಿ ಅದು ಮುಳುಗಿದರೆ ಸಾಲಗಾರರು ಅವರ ಮನೆಯ ಕಂಬವನ್ನೂ ಹೆಂಡತಿಯ ತಾಳಿಯನ್ನೂ ಬಿಡದೆ ಎಣಿಸಬಹುದಾಗಿತ್ತು. 1857ರಲ್ಲಿ ಹಿಂದೂಸ್ಥಾನದಲ್ಲಿ ಒಂದು ಕಾಯಿದೆಯಾಯಿತು. ಅದರಂತೆ ನೋಂದಾಯಿಸಿಕೊಂಡ ಕಂಪೆನಿಯಲ್ಲಿ ಷೇರುದಾರನ ಹೊಣೆ ಅವನ ಷೇರಿನ ಮುಖಬೆಲೆಗೆ ನಿಲ್ಲುವುದು. ಅದರಾಚೆಗೆ ಒಂದು ಕಾಸನ್ನೂ ಕೇಳುವ ಹಾಗಿಲ್ಲ. ಇದೇ ಪರಿಮಿತ ಹೊಣೆ. ಬ್ಯಾಂಕುಗಳಿಗೆ ಈ ಸೌಕರ್ಯ 1860ರಲ್ಲಿ ದೊರೆಯಿತು. ಒಳ್ಳೆಯ ಕಾಯಿದೆಯೇ ಸರಿ. ಅದಿಲ್ಲದೆ ದೊಡ್ಡ ಉದ್ಯಮವೊಂದೂ ಏಳಲಾರದು. ಆದರೆ ನಷ್ಟಕ್ಕೆ ಮಿತಿಯುಂಟು, ಲಾಭಕ್ಕೆ ಮಿತಿಯಿಲ್ಲ ಎಂದು ಹೇಳಿದರೆ ಕೇಳುವ ಕಿವಿಗಳು ಲಾಭದ ಭಾಗವನ್ನೇ ಹೆಚ್ಚಾಗಿ ಕೇಳಿಸಿಕೊಳ್ಳುವುವು. ಮಿತಿಯೆಂದರೆ ಷೇರಿನ ಪೂರ್ತಿ ಮುಖಬೆಲೆ ಎಂಬುದನ್ನು ಅನೇಕರು ಗಮನಿಸಲಿಲ್ಲ. ನಮ್ಮ ಅತ್ತೆಯವರ ಕಷ್ಟವೂ ಅಲ್ಲಿಯೇ ಇದ್ದಿತು. ಷೇರಿನ ಮುಖಬೆಲೆ ನೂರು. ಮಾವನವರು ಸಲ್ಲಿಸಿದ್ದುದು ಐವತ್ತು. ಉಳಿದುದನ್ನು ಕಂಪೆನಿ ತನಗೆ ಬೇಕಾದಾಗ ಕೇಳಬಹುದು. ಹಾಗೆ ಕೇಳುವುದಕ್ಕೇ ಕರೆಯೆಂದು ಹೆಸರು.

ಇನ್ನು ಹತ್ತಿಯ ಸಂಗತಿ. 1861ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ಸಂಸ್ಥಾನಗಳಿಗೆ ಯುದ್ಧ ಹತ್ತಿತು. ಉತ್ತರದವರ ನೌಕಾಬಲ ದಕ್ಷಿಣದ ರೇವುಗಳನ್ನು ಮುತ್ತಿ ಹತ್ತಿಯನ್ನು ಹೊರಕ್ಕೆ ಬಿಡಲಿಲ್ಲ. ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳು ಆ ಹತ್ತಿಯನ್ನೇ ನಂಬಿದ್ದುವು. ಲಿವರ್‌ಪೂಲಿನ ಪೇಟೆಯಲ್ಲಿ ಅಮೆರಿಕದ ಹತ್ತಿಯ ಧಾರಣೆ ಮೂರೇ ವರ್ಷಗಳಲ್ಲಿ ನಾಲ್ಕು ಪಟ್ಟಿಗೆ ಏರಿತು. ಎಲ್ಲರ ಕಣ್ಣೂ ನಮ್ಮ ದೇಶದ ಹತ್ತಿಯ ಮೇಲೆ ಬಿದ್ದಿತು. ಈ ಕಥೆಯಲ್ಲಿ ಕನ್ನಡನಾಡಿಗೂ ಪಾತ್ರವುಂಟು. ಧಾರವಾಡದ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜವನ್ನು ಬಿತ್ತಿ ಬೆಳೆಯುತ್ತಿದ್ದರು. ಧಾರವಾಡದ ಅಮೆರಿಕನ್ ಎಂಬ ಹೆಸರು ಲಿವರ್‌ಪೂಲಿನ ದಲ್ಲಾಳಿಗಳಿಗೆ ಪರಿಚಿತವಾಗಿತ್ತು. ಎತ್ತಿನ ಹೇರುಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದ ನಾಡಹತ್ತಿಗೆ ಆ ಊರಿನ ಹೆಸರೇ ಪರದೇಶದ ಪೇಟೆಯಲ್ಲಿ ಜಾತಿಯ ಹೆಸರಾಗಿ ನಿಂತಿತು. ಧಾರವಾಡದ ಹತ್ತಿಗೆ ಸರಿಯಾದ ರೇವು ಬೇಕೆಂಬ ಒತ್ತಾಯದ ಫಲವಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನ ಆಡಳಿತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಇಂದು ನಾವು ಭೂಪಟದಲ್ಲಿ ಕಾಣುವ ಜಿಲ್ಲೆಯೊಂದರ ಎಲ್ಲೆಯನ್ನು ಹತ್ತಿಯ ಧಾರಣೆ ಬರೆಯಿತೆಂದರೆ ತಪ್ಪಾಗದು.

ಈ ನಾಲ್ಕು ವರ್ಷಗಳಲ್ಲಿ ಹತ್ತಿಯಿಂದ ಮುಂಬಯಿಗೆ ಎಂದಿನ ಆದಾಯಕ್ಕಿಂತ ಹೆಚ್ಚಾಗಿ ಬಂದ ಹಣ ಸುಮಾರು 8 ಕೋಟಿ ಪೌಂಡುಗಳೆಂದು ಆ ಕಾಲವನ್ನು ಕುರಿತು ಬರೆದವರ ಎಣಿಕೆ. ಹಾಸಿಗೆ ದಿಂಬುಗಳನ್ನು ಬಿಚ್ಚಿ ಅದರೊಳಗಿನ ಹತ್ತಿಯನ್ನು ಸಹ ಮಾರಿದರೆಂದು ಹೇಳುವುದುಂಟು. ಹಣವೇನೋ ಬಂದಿತು. ಬಂದ ಹಣ ಎಲ್ಲಿಗೆ ಹೋಗಬೇಕು? ರೈಲುಮಾರ್ಗವಿನ್ನೂ ಕೆಲವೇ ದಿಕ್ಕುಗಳಿಗೆ ಹರಿದಿತ್ತು, ಗಿರಣಿಗಳು ಬೆರಳೆಣಿಕೆಯಷ್ಟು, ಹತ್ತಿಗೆ ಅಷ್ಟೊಂದು ಬೆಲೆಯಿರುವಾಗ ಅದನ್ನು ನೂಲುವುದಕ್ಕಿಂತ ಮಾರುವುದೇ ಲಾಭ. ಹೀಗೆ ದುಡಿಯಲು ಜಾಗವಿಲ್ಲದ ಹಣ ಕಾಗದದ ಕಡೆಗೆ ತಿರುಗಿತು. 1864 ಮುಗಿಯುವ ಹೊತ್ತಿಗೆ ಆ ಒಂದು ನಗರದಲ್ಲಿ 31 ಬ್ಯಾಂಕುಗಳು, 16 ಹಣಕಾಸಿನ ಸಂಘಗಳು, 20 ವಿಮಾ ಕಂಪೆನಿಗಳು, 10 ಹಡಗಿನ ಕಂಪೆನಿಗಳು, 8 ಭೂಮಿಯ ಕಂಪೆನಿಗಳು ತಲೆಯೆತ್ತಿದ್ದುವು. ಇವುಗಳಲ್ಲಿ ಹಲವಕ್ಕೆ ಒಂದು ಹೆಸರು, ಒಂದು ಫಲಕ, ಒಬ್ಬ ಗುಮಾಸ್ತ ಇವಿಷ್ಟೇ ಆಸ್ತಿ.

ಟೌನ್ ಹಾಲಿನ ಎದುರಿನ ಆಲದ ಮರಗಳ ಕೆಳಗೆ ಷೇರಿನ ದಲ್ಲಾಳಿಗಳು ಕೂಡುತ್ತಿದ್ದರು. 1850ರ ಸುಮಾರಿಗೆ ಅರ್ಧ ಡಜನ್ ಮಂದಿ ಇದ್ದವರು 1860ಕ್ಕೆ ಅರುವತ್ತಾದರು; ಹುಚ್ಚು ಏರಿದಾಗ ಇನ್ನೂರನ್ನು ದಾಟಿದರು. ದಲ್ಲಾಳಿಯೆಂದರೆ ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ, ಎರಡು ಕಡೆಯಿಂದಲೂ ಸಲ್ಲುವ ದಲ್ಲಾಳಿಯಿಂದ ಬದುಕುವವನು. ಧಾರಣೆ ಏರಿದರೂ ಇಳಿದರೂ ಅವನಿಗೆ ಚಿಂತೆಯಿಲ್ಲ. ನಿಂತರೆ ಮಾತ್ರ ಚಿಂತೆ. ಇವರೆಲ್ಲರ ನಾಯಕಮಣಿ ಪ್ರೇಮಚಂದ ರಾಯಚಂದರು. 1831ರಲ್ಲಿ ಸೂರತ್ತಿನಲ್ಲಿ ಹುಟ್ಟಿ, ಎಲ್ಫಿನ್‌ಸ್ಟನ್ ವಿದ್ಯಾಶಾಲೆಯಲ್ಲಿ ಇಂಗ್ಲಿಷ್ ಕಲಿತು, ಆ ಭಾಷೆಯನ್ನು ಬಲ್ಲ ಮೊದಲ ದಲ್ಲಾಳಿಗಳಲ್ಲಿ ಒಬ್ಬರಾಗಿ, ಮೂವತ್ತು ತುಂಬುವುದರೊಳಗೆ ಮುಂಬಯಿಯ ಹಣದ ಕೀಲಿಕೈಯನ್ನು ಹಿಡಿದವರು. ಅವರು ಯಾವ ಕಂಪೆನಿಗೆ ಹೆಸರು ಕೊಟ್ಟರೆ ಆ ಕಂಪೆನಿಯ ಷೇರಿಗೆ ಅಂದೇ ಬೆಲೆ. ಹೊಸ ಕಂಪೆನಿಯ ಷೇರುಗಳನ್ನು ಯಾರು ಯಾರಿಗೆ ಎಷ್ಟೆಷ್ಟು ಕೊಡಬೇಕೆಂಬ ಹಂಚಿಕೆಯ ಪಟ್ಟಿ ಅವರ ಕೈಯಲ್ಲಿರುತ್ತಿತ್ತು. ಹಂಚಿಕೆಯಲ್ಲಿ ಹೆಸರು ಬಂದರೆ ಸಾಕು, ಹಣ ಕಟ್ಟುವುದಕ್ಕೆ ಮುಂಚೆಯೇ ಆ ಕಾಗದವನ್ನು ಹೆಚ್ಚಿನ ಬೆಲೆಗೆ ಮಾರಬಹುದಾಗಿತ್ತು.

ಈ ಹೆಚ್ಚಿನ ಬೆಲೆಯ ವಿಚಾರದಲ್ಲಿ ತುಸು ನಿಲ್ಲೋಣ. ಷೇರಿನ ಮೇಲೆ ಅಚ್ಚಾದುದು ಮುಖಬೆಲೆ. ಪೇಟೆಯಲ್ಲಿ ಅಂದಿನ ಕೊಳ್ಳುವವನು ಕೊಡುವುದು ಪೇಟೆಯ ಧಾರಣೆ. ಎರಡನೆಯದು ಮೊದಲನೆಯದನ್ನು ಮೀರಿದರೆ ಆ ಮೀರಿದ ಭಾಗಕ್ಕೆ ಪ್ರೀಮಿಯಂ ಎಂದು ಹೆಸರು. ಬ್ಯಾಕ್ ಬೇ ರಿಕ್ಲಮೇಷನ್ ಕಂಪೆನಿಯೆಂಬುದು ಮುಂಬಯಿಯ ಪಶ್ಚಿಮದ ಕೊಲ್ಲಿಯಲ್ಲಿ ಸಮುದ್ರವನ್ನು ತುಂಬಿ ನೆಲ ಮಾಡುವೆನೆಂದು ಹೊರಟಿತು. ನಗರ ಇಕ್ಕಟ್ಟಾಗಿದ್ದುದು ನಿಜ. 1864ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 8,16,562. ನೆಲಕ್ಕೆ ಬೆಲೆಯುಂಟೆಂಬುದೂ ನಿಜ. ಆದರೆ ಕಂಪೆನಿ ಮಾರಬೇಕೆಂದಿದ್ದ ನೆಲ ಇನ್ನೂ ನೀರಿನ ಕೆಳಗಿತ್ತು. ಅದರ ಷೇರಿಗೆ 5,000 ರೂಪಾಯಿ. ಅಂಥ 400 ಷೇರುಗಳನ್ನು ಬಹಿರಂಗವಾಗಿ ಹರಾಜಿಗಿಟ್ಟಾಗ ಷೇರೊಂದಕ್ಕೆ ಸರಾಸರಿ 26,500 ರೂಪಾಯಿ ಪ್ರೀಮಿಯಂ ಬಂದಿತು. ಒಟ್ಟು 1 ಕೋಟಿ 6 ಲಕ್ಷ. ಆ ದಿನದಿಂದ ಊರಿನ ಬುದ್ಧಿ ತಪ್ಪಿತು. ವಕೀಲರು, ವೈದ್ಯರು, ಗುಮಾಸ್ತರು, ಸರಕಾರಿ ಅಧಿಕಾರಿಗಳು ಎಲ್ಲರೂ ಆಲದ ಮರದ ಕಡೆಗೆ ನಡೆದರು. ಷೇರಿನ ಬೆಲೆ ಮುಖಬೆಲೆಯ ಹತ್ತು ಪಟ್ಟಿಗೆ ಏರಿತು.

ಆ ಹೊತ್ತು ಒಬ್ಬನಾದರೂ ಸ್ಲೇಟು ಬಳಪ ಹಿಡಿದು ಲೆಕ್ಕ ಮಾಡಿದ್ದರೆ! ಕಂಪೆನಿ ಚೆನ್ನಾಗಿ ನಡೆದು ನೂರಕ್ಕೆ ಹತ್ತರಂತೆ ಲಾಭಾಂಶ ಕೊಟ್ಟಿತೆಂದು ಇಟ್ಟುಕೊಳ್ಳಿ. ಲಾಭಾಂಶವನ್ನು ಲೆಕ್ಕ ಹಾಕುವುದು ಸಲ್ಲಿಸಿದ ಬಂಡವಾಳದ ಮೇಲೆಯೇ ಹೊರತು ಪೇಟೆಯ ಧಾರಣೆಯ ಮೇಲೆ ಅಲ್ಲ. 5,000ಕ್ಕೆ ಹತ್ತರಂತೆ 500 ರೂಪಾಯಿ. ಮೊದಲು ಷೇರು ಹಿಡಿದವನಿಗೆ ಅದು ನೂರಕ್ಕೆ ಹತ್ತು. ಹರಾಜಿನಲ್ಲಿ 31,500 ಕೊಟ್ಟವನಿಗೆ ಅದೇ 500 ರೂಪಾಯಿ ನೂರಕ್ಕೆ ಒಂದೂವರೆಗೆ ತುಸು ಮೇಲೆ. 50,000 ಕೊಟ್ಟವನಿಗೆ ನೂರಕ್ಕೆ ಒಂದು. ಊರಿನ ಸಾಮಾನ್ಯ ಸಾಹುಕಾರ ಅದಕ್ಕಿಂತ ಹೆಚ್ಚು ಬಡ್ಡಿ ಕೊಡುವನು. ಹಣ ತೊಡಗಿಸುವುದರ ಮೊದಲ ಲೆಕ್ಕ ಇದು. ಕೊಟ್ಟ ಬೆಲೆಗೆ ಬರುವ ಹುಟ್ಟುವಳಿ ಎಷ್ಟು ಎಂಬ ಈ ಒಂದು ಪ್ರಶ್ನೆಗೆ ಪ್ರೌಢಶಾಲೆಯ ಗಣಿತ ಸಾಕು. ಆದರೆ ಅಂದಿನ ಮುಂಬಯಿಯಲ್ಲಿ ಹುಟ್ಟುವಳಿಗಾಗಿ ಷೇರು ಕೊಂಡವರು ಯಾರೂ ಇರಲಿಲ್ಲ. ನಾಳೆ ಇನ್ನೊಬ್ಬನು ಇನ್ನೂ ಹೆಚ್ಚು ಕೊಡುವನೆಂಬುದೇ ಅವರ ಲೆಕ್ಕ. ಹಣ ತೊಡಗಿಸುವವನಿಗೂ ಸಟ್ಟಾ ವ್ಯಾಪಾರ ಮಾಡುವವನಿಗೂ ಇರುವ ಅಂತರ ಇಷ್ಟೇ: ಒಬ್ಬನು ಕಂಪೆನಿಯನ್ನು ನೋಡುವನು, ಇನ್ನೊಬ್ಬನು ಪಕ್ಕದಲ್ಲಿ ನಿಂತವನ ಮುಖವನ್ನು ನೋಡುವನು.

ಇಷ್ಟರಲ್ಲಿಯೇ ನಿಂತಿದ್ದರೆ ಹಣವಂತರ ಹಣ ಹೋಗಿ ಕಥೆ ಮುಗಿಯುತ್ತಿತ್ತು. ಊರಿಗೆ ಊರೇ ಮುಳುಗಿದುದಕ್ಕೆ ಕಾರಣ ಬೇರೆ ಎರಡು, ಮತ್ತು ನನ್ನ ಅಭಿಪ್ರಾಯದಲ್ಲಿ ಇವೇ ಮುಖ್ಯ. ಬೆಲೆ ಏರಿತೆಂಬುದನ್ನು ಎಲ್ಲ ಚರಿತ್ರಕಾರರೂ ಆಡಿಕೊಳ್ಳುತ್ತಾರೆ. ಸಾಲವನ್ನು ಕುರಿತು ಅಷ್ಟು ಹೇಳುವುದಿಲ್ಲ.

ಒಂದನೆಯದು, ಷೇರಿನ ಅಡವಿನ ಮೇಲೆ ಸಾಲ. ಬ್ಯಾಂಕ್ ಆಫ್ ಬಾಂಬೆ 1840ರಲ್ಲಿ ಸ್ಥಾಪಿತವಾದ ಬ್ಯಾಂಕು; ಸರಕಾರವೇ ಅದರಲ್ಲಿ ಷೇರುದಾರ, ಸರಕಾರ ನೇಮಿಸಿದ ನಿರ್ದೇಶಕರು ಅದರ ಮಂಡಲಿಯಲ್ಲಿದ್ದರು. ಆದ್ದರಿಂದ ಜನಕ್ಕೆ ಅದರಲ್ಲಿ ಖಜಾನೆಯಷ್ಟೇ ಭರವಸೆ. ಇಂಥ ಅಡವುಗಳ ಮೇಲೆ ಮಾತ್ರ ಸಾಲ ಕೊಡಬೇಕೆಂಬ ಕಟ್ಟುಪಾಡು ಮೊದಲು ಬಿಗಿಯಾಗಿತ್ತು. 1863ರ ಕಾಯಿದೆ ಅದನ್ನು ಸಡಿಲಿಸಿ ಕಂಪೆನಿಗಳ ಷೇರಿನ ಮೇಲೆಯೂ ಸಾಲಕ್ಕೆ ದಾರಿ ಮಾಡಿತು. ಆ ಬ್ಯಾಂಕಿನಲ್ಲಿ ಪ್ರೇಮಚಂದರ ಮಾತು ನಡೆಯುತ್ತಿತ್ತು. ಷೇರನ್ನು ಅಡವಿಟ್ಟು ಸಾಲ ತೆಗೆದು, ಆ ಸಾಲದಿಂದ ಇನ್ನಷ್ಟು ಷೇರು ಕೊಂಡು, ಅವನ್ನೂ ಅಡವಿಟ್ಟು ಮತ್ತೆ ಸಾಲ. ಬೆಲೆ ಏರುತ್ತಿರುವ ತನಕ ಅಡವಿನ ಬೆಲೆಯೂ ಏರುವುದು. ಸಾಲ ಭದ್ರವಾಗಿಯೇ ಕಾಣುವುದು. ಇಳಿಯತೊಡಗಿತೆಂದರೆ ಅಡವಿಟ್ಟ ವಸ್ತು ಸಾಲಕ್ಕಿಂತ ಕಡಮೆಯಾಗುವುದು. ಬ್ಯಾಂಕು ಅದನ್ನು ಮಾರಲು ಹೊರಟರೆ ಆ ಮಾರಾಟವೇ ಬೆಲೆಯನ್ನು ಇನ್ನೂ ಇಳಿಸುವುದು. ಅಡವಿನ ಬೆಲೆಗೂ ಸಾಲಕ್ಕೂ ನಡುವೆ ಧಾರಾಳವಾದ ಅಂತರವನ್ನು ಬಿಡಬೇಕೆಂದು ವಿವೇಕಿಗಳಾದ ಸಾಹುಕಾರರು ಹೇಳುವುದು ಇದಕ್ಕಾಗಿಯೇ. ಬಂಗಾರ ಒತ್ತೆ ಇಟ್ಟುಕೊಳ್ಳುವ ನಮ್ಮ ಹಳ್ಳಿಯ ಶೆಟ್ಟರಿಗೆ ತಿಳಿದ ಈ ಸಂಗತಿ ಆ ಬ್ಯಾಂಕಿನ ಮಂಡಲಿಗೆ ತಿಳಿಯದೆ ಹೋಯಿತು.

ಎರಡನೆಯದು ವಾಯಿದೆ ವ್ಯಾಪಾರ. ಇಂದು ಮಾತು, ಮುಂದೊಂದು ದಿನ ಹಣ ಮತ್ತು ಷೇರು. ಅಂದಿನ ವ್ಯಾಪಾರಗಳಲ್ಲಿ ಬಹುಭಾಗಕ್ಕೆ ಗೊತ್ತಾದ ದಿನ 1865ರ ಜುಲೈ 1. ಮಾರಿದವನ ಕೈಯಲ್ಲಿ ಷೇರಿಲ್ಲ, ಕೊಂಡವನ ಕೈಯಲ್ಲಿ ಹಣವಿಲ್ಲ. ಆ ದಿನ ಬಂದಾಗ ಮಾತಿನ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವನ್ನು ಸೋತವನು ಗೆದ್ದವನಿಗೆ ಕೊಟ್ಟರಾಯಿತು. ಬೆಲೆ ಏರುವುದೆಂದು ನಂಬಿ ಕೊಳ್ಳುವವರು ತೇಜಿಯವರು. ಇಳಿಯುವುದೆಂದು ನಂಬಿ, ಕೈಯಲ್ಲಿಲ್ಲದುದನ್ನು ಮಾರುವವರು ಮಂದಿಯವರು. ಇಂಗ್ಲಿಷಿನವರು ಇವರಿಗೆ ಗೂಳಿ, ಕರಡಿ ಎಂದು ಹೆಸರಿಟ್ಟಿದ್ದಾರೆ. ನಮಗೆ ಬಂದುದು ಉತ್ತರದ ವರ್ತಕರ ಮಾತು. ತೇಜಿಯೆಂದರೆ ಕನ್ನಡದ ಹಳೆಯ ಕಾವ್ಯಗಳನ್ನು ಓದಿದವರಿಗೆ ಕುದುರೆ. ಮಂದಿಯೆಂದರೆ ಎಲ್ಲರಿಗೂ ಜನ. ಅರ್ಥಕ್ಕೆ ಸಂಬಂಧವಿಲ್ಲದಿದ್ದರೂ ಕುದುರೆ ಮುಗ್ಗರಿಸಿದಾಗ ಕಾಲ್ನಡೆಯ ಜನ ಅದರ ಕೆಳಗೆ ಸಿಕ್ಕಿದ ಚಿತ್ರ ನನ್ನ ಕಣ್ಣಿಗೆ ಕಟ್ಟುವುದು.

ವಾಯಿದೆಯ ಅಪಾಯ ಸರಪಣಿಯ ಅಪಾಯ. ರಾಮನು ಭೀಮನಿಂದ ಅಂತರ ಬರುವುದೆಂದು ನಂಬಿ ಸೋಮನಿಗೆ ಮಾತು ಕೊಟ್ಟಿರುವನು. ಸೋಮನು ಅದನ್ನು ನಂಬಿ ಇನ್ನೊಬ್ಬನಿಗೆ. ಭೀಮನು ಕೈಯೆತ್ತಿದರೆ ಲೆಕ್ಕದಲ್ಲಿ ಗೆದ್ದಿದ್ದ ರಾಮನೂ ದಿವಾಳಿ.

1865ರ ಏಪ್ರಿಲ್ 9ರಂದು ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದನು. ಆ ಸುದ್ದಿ ಕೆಲವು ವಾರಗಳಲ್ಲಿ ಮುಂಬಯಿಗೆ ಮುಟ್ಟಿತು. ಲೋಕದ ಇನ್ನೊಂದು ಮೂಲೆಯಲ್ಲಿ ಶಾಂತಿಯಾಯಿತೆಂದು ಒಂದು ನಗರ ಅತ್ತುದು ಬಹುಶಃ ಅದೇ ಮೊದಲು. ಹತ್ತಿಯ ಬೆಲೆ ಕುಸಿಯಿತು. ಮೇ ತಿಂಗಳಲ್ಲಿ ಹತ್ತಿಯ ದೊಡ್ಡ ವರ್ತಕರೊಬ್ಬರು ಕೋಟಿಗಟ್ಟಲೆ ಬಾಕಿಯಿಟ್ಟು ದಿವಾಳಿಯೆತ್ತಿದರು. ಜುಲೈ 1 ಬಂದಿತು. ಕೊಡುವವರು ಯಾರೂ ಇಲ್ಲ, ಬೇಡುವವರೇ ಎಲ್ಲ. ನ್ಯಾಯಾಲಯಗಳಿಗೆ ಸಾಲದಷ್ಟು ದಿವಾಳಿಗಳು; ಅವುಗಳ ಇತ್ಯರ್ಥಕ್ಕೆಂದೇ ಒಂದು ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಇಳಿಯಿತು. ಬ್ಯಾಕ್ ಬೇ ಷೇರು ಮುಖಬೆಲೆಯ ಕೆಳಕ್ಕೆ ಹೋಯಿತು. ಮುಖಬೆಲೆಗಿಂತ ಪೇಟೆಯ ಧಾರಣೆ ಕಡಮೆಯಾದರೆ ಅದಕ್ಕೆ ವಟ್ಟವೆಂದು ಹೆಸರು. ಮುಂಬಯಿ ಈ ಮಾತನ್ನು ಕೊನೆಯಲ್ಲಿ ಕಲಿಯಿತು. 1868ರಲ್ಲಿ ಬ್ಯಾಂಕ್ ಆಫ್ ಬಾಂಬೆ ಬಾಗಿಲು ಮುಚ್ಚಿ, ಅದೇ ಹೆಸರಿನ ಹೊಸ ಬ್ಯಾಂಕು ಎದ್ದಿತು. ಹಳೆಯದರ ಬಂಡವಾಳದ ಬಹುಭಾಗ ಕರಗಿಹೋಗಿತ್ತು. ತರುಣರಾದ ಜಮ್‌ಸೇಟ್‌ಜಿ ಟಾಟಾ ಅವರು ಒಂದು ಬ್ಯಾಂಕನ್ನು ತೆರೆಯುವುದಕ್ಕೆಂದು ಲಂಡನ್ನಿಗೆ ಹೋಗಿದ್ದವರು ಆ ಆಸೆಯನ್ನು ಬಿಟ್ಟು ಸಾಲಗಾರರಿಗೆ ಸಮಾಧಾನ ಹೇಳಬೇಕಾಯಿತು. 1872ರ ಗಣತಿಯಲ್ಲಿ ನಗರದ ಜನಸಂಖ್ಯೆ 6,44,405. ಹಿಂದಿನ ಎಣಿಕೆಗಿಂತ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಮೇಲೆ ಕಡಮೆ. ಕೆಲಸ ಹುಡುಕಿ ಬಂದವರು ಕೆಲಸ ತೀರಿತೆಂದು ಮರಳಿದರು. ಅವರಲ್ಲಿ ಎಷ್ಟು ಮಂದಿ ಷೇರಿನ ಕಾಗದವನ್ನು ಕಣ್ಣಿನಿಂದಾದರೂ ಕಂಡಿದ್ದರೋ ತಿಳಿಯದು.

ಇಷ್ಟನ್ನು ಕೇಳಿದ ಮೇಲೆ ಷೇರೆಂಬುದೇ ಮೋಸವೆಂದು ಯಾರಾದರೂ ತೀರ್ಮಾನಿಸಿದರೆ ಅವರನ್ನು ನಮ್ಮ ಕೋಲಾರಕ್ಕೆ ಕರೆದೊಯ್ಯಬೇಕು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಕೆಲವು ವರ್ಷ ಬಂಡವಾಳ ಕರಗಿತೇ ಹೊರತು ಹೇಳಿಕೊಳ್ಳುವಷ್ಟು ಚಿನ್ನ ಸಿಕ್ಕಲಿಲ್ಲ. ಷೇರಿನ ಬೆಲೆ ಪಾತಾಳಕ್ಕಿಳಿಯಿತು, ಷೇರುದಾರರು ಕೈತೊಳೆದುಕೊಳ್ಳುವ ಯೋಚನೆಯಲ್ಲಿದ್ದರು. ಉಳಿದ ಹಣದಿಂದ ಇನ್ನೊಮ್ಮೆ ಅಗೆದು ನೋಡೋಣವೆಂದು ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ಸಲಹೆ ಕೊಟ್ಟರು. ಅಗೆದಾಗ ಸಿಕ್ಕಿದ ಚಿನ್ನದ ಪದರ ಹಲವು ದಶಕಗಳ ಕಾಲ ಲಾಭಾಂಶವನ್ನು ಹೊರಡಿಸಿತು. ಮುಂಬಯಿಯಲ್ಲಿ ನೀರಿನ ಕೆಳಗಿನ ನೆಲಕ್ಕೆ ಹತ್ತು ಪಟ್ಟು ಬೆಲೆ. ಇಲ್ಲಿ ಕಾಲ ಕೆಳಗೆ ಚಿನ್ನವಿದ್ದಾಗ ಕಾಗದಕ್ಕೆ ಬೆಲೆಯಿಲ್ಲ. ಪೇಟೆಯ ಧಾರಣೆ ಎರಡು ಸಲವೂ ಸುಳ್ಳು ಹೇಳಿತು. ಆ ಷೇರುಗಳ ಕ್ರಯವಿಕ್ರಯ ಲಂಡನ್ನಿನಲ್ಲಿ ನಡೆದುದರಿಂದ ಲಾಭಾಂಶ ಬಹುಮಟ್ಟಿಗೆ ಅಲ್ಲಿಯೇ ಉಳಿಯಿತು. ಮೈಸೂರಿನ ಖಜಾನೆಗೆ ಬಂದುದು ರಾಜಧನ. 1956ರಲ್ಲಿ ಗಣಿಗಳು ಮೈಸೂರು ಸರಕಾರದ ವಶಕ್ಕೆ ಬಂದುವು, 2001ರಲ್ಲಿ ಮುಚ್ಚಿದುವು.

ನಮ್ಮ ಅತ್ತೆಯವರ ಕಾಗದದ ಗತಿಯನ್ನು ಹೇಳದೆ ಬಿಟ್ಟೆನು. ನಾಲ್ಕು ಜನರನ್ನು ಕೇಳಿ, ಮುಟ್ಟುಗೋಲಾದರೆ ಯಜಮಾನರ ಹಣವೆಲ್ಲ ಹೋಗುವುದೆಂದು ಹೆದರಿ, ಒಂದು ಜೊತೆ ಬಳೆಯನ್ನು ಮಾರಿ ಐನೂರು ರೂಪಾಯಿ ಕಟ್ಟಿದರು. ಎರಡು ವರ್ಷದ ಮೇಲೆ ಆ ಕಂಪೆನಿ ಮುಳುಗಿತು. ಕರೆಯ ಹಣವನ್ನು ಕಟ್ಟುವ ಮುನ್ನ ಕಂಪೆನಿಯ ಜಮಾಖರ್ಚಿನ ತಃಖ್ತೆಯನ್ನು ತರಿಸಿ ನೋಡಬಹುದಾಗಿತ್ತು. ಷೇರುದಾರರಾದ ಅವರಿಗೆ ಅದನ್ನು ಕೇಳುವ ಹಕ್ಕಿತ್ತು. ಹಕ್ಕಿರುವ ಸಂಗತಿ ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಬೇಕಾಗಿತ್ತು. ಅತ್ತೆಯವರು ನನ್ನನ್ನು ಒಂದು ಮಾತೂ ಆಡಲಿಲ್ಲ.

ಮುಂಬಯಿಯ ದಲ್ಲಾಳಿಗಳು ಪೆಟ್ಟು ತಿಂದ ಮೇಲೆ ಕಟ್ಟುಪಾಡಿನ ಕಡೆಗೆ ತಿರುಗಿದರು. ಆಲದ ಮರವನ್ನು ಬಿಟ್ಟು ಅಲ್ಲಿ ಇಲ್ಲಿ ಅಲೆದು, ಕೊನೆಗೆ ಇಂದು ದಲಾಲ್ ಸ್ಟ್ರೀಟ್ ಎನ್ನುವ ಬೀದಿಯಲ್ಲಿ ನೆಲೆಯೂರಿ, 1875ರಲ್ಲಿ ಒಂದು ರೂಪಾಯಿ ಪ್ರವೇಶಧನವಿಟ್ಟು ಸಂಘವನ್ನು ಕಟ್ಟಿದರು. ಇಂದಿನ ಮುಂಬಯಿಯ ಷೇರುಪೇಟೆ ಅದೇ ಸಂಘದ ಬೆಳವಣಿಗೆ. ಸರಕಾರದ ಮೇಲ್ವಿಚಾರಣೆ ಬರಲು ಬಹುಕಾಲ ಹಿಡಿಯಿತು: 1956ರಲ್ಲಿ ಕಾಯಿದೆ, 1992ರಲ್ಲಿ ಸೆಬಿ ಎಂಬ ಮಂಡಲಿಗೆ ಪೂರ್ಣಾಧಿಕಾರ, 1996ರ ಬಳಿಕ ಕಾಗದದ ಪತ್ರದ ಬದಲು ಖಾತೆಯ ಲೆಕ್ಕ. 2023ರಿಂದ ಕೊಂಡ ಷೇರಿನ ಲೆಕ್ಕ ಮರುದಿನವೇ ಚುಕ್ತಾ ಆಗಬೇಕು. ತಿಂಗಳುಗಟ್ಟಲೆ ಬಾಯಿಮಾತಿನ ಮೇಲೆ ತೂಗಾಡುತ್ತಿದ್ದ ಆ ಹಳೆಯ ಜುಲೈ 1 ಹಾಗೆ ತೊಲಗಿತು. ವಾಯಿದೆಯ ವ್ಯಾಪಾರವೇನೂ ತೊಲಗಿಲ್ಲ. ಬೇರೆ ಹೆಸರಿನಿಂದ, ಮುಂಗಡ ಠೇವಣಿಯ ಕಟ್ಟಿನೊಳಗೆ, ಅಂದಿಗಿಂತ ಬಹುಪಾಲು ಹೆಚ್ಚಾಗಿ ನಡೆಯುತ್ತಿದೆ. ಅಡವಿನ ಸಾಲವೂ ಹಾಗೆಯೇ.

ಪ್ರೇಮಚಂದ ರಾಯಚಂದರನ್ನು ಕುರಿತು ಇನ್ನೊಂದು ಮಾತು. ಏರಿದ ದಿನಗಳಲ್ಲಿ, 1864ರಲ್ಲಿ, ಅವರು ಮುಂಬಯಿಯ ವಿಶ್ವವಿದ್ಯಾನಿಲಯಕ್ಕೆ ಪುಸ್ತಕ ಭಂಡಾರಕ್ಕೆಂದು 2 ಲಕ್ಷ, ಗಡಿಯಾರದ ಗೋಪುರಕ್ಕೆಂದು 2 ಲಕ್ಷ ರೂಪಾಯಿಗಳನ್ನು ಕೊಟ್ಟರು. ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯವರ ಹೆಸರಿಡಬೇಕೆಂದು ಮಾತ್ರ ಕೇಳಿದರು. ಮುಂದೆ ಅವರು ದಿವಾಳಿಯಾದರು. ಕೊಟ್ಟ ಹಣ ವಿಶ್ವವಿದ್ಯಾನಿಲಯದ ಕೈಯಲ್ಲಿ ಉಳಿಯಿತು. ಗೋಪುರ 1878ರಲ್ಲಿ ಮುಗಿಯಿತು. ಅವರು ಮತ್ತೆ ದಲ್ಲಾಳಿಯ ವೃತ್ತಿಯನ್ನೇ ಹಿಡಿದು, ಸಾಧಾರಣವಾದ ರೀತಿಯಲ್ಲಿ ಬದುಕಿ, 1906ರಲ್ಲಿ ತೀರಿಕೊಂಡರು. ಬ್ಯಾಕ್ ಬೇ ಕಂಪೆನಿ ತುಂಬಲು ಹೊರಟಿದ್ದ ಕೊಲ್ಲಿಯ ದಂಡೆಯ ಮೇಲೆ ಮುಂದೆ ರೈಲುಮಾರ್ಗ ಹಾಕಿದರು. ಇಂದಿಗೂ ಮುಂಬಯಿಯ ಗುಮಾಸ್ತರು ಬೆಳಗಿನ ಗಾಡಿಯಿಂದ ಅಲ್ಲಿಳಿದು, ಆ ಗಡಿಯಾರವನ್ನು ನೋಡಿ, ಕಚೇರಿಗೆ ಹೊತ್ತಾಯಿತೆಂದು ಬೇಗಬೇಗನೆ ನಡೆಯುವರು.